ಬೇಸಿಗೆ ದಾಟಿಸಬೇಕಿದ್ದ ಸಾಕೆ

ನನಗೆ ಸಾಕೆಯ, ಅಂದರೆ ನಮ್ಮ ಅಕ್ಕಿ ಮದ್ಯದ ವಿಷಯ ಚೆನ್ನಾಗಿ ಗೊತ್ತು ಅಂತ ಊರಿಗೆಲ್ಲ ಗೊತ್ತಿತ್ತು. ಗೊತ್ತಾಗುವ ಹಾಗೆ ನಾನೇ ಮಾಡಿದ್ದೆ. ನಲವತ್ತೆರಡು ವರ್ಷ ಕ್ಷೌರದಂಗಡಿ ನಡೆಸಿದವನು ನಾನು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಮನುಷ್ಯ ಎದ್ದು ಹೋಗುವ ಹಾಗಿಲ್ಲ, ಎದುರು ಮಾತಾಡುವ ಹಾಗೂ ಇಲ್ಲ. ಅಂಥವರ ಕಿವಿಗೆ ನಾನು ಯಾವ ಅಕ್ಕಿಯ ಸಾಕೆ ಹಗುರ, ಯಾವ ನೀರಿನದು ಒರಟು, ಯಾವುದನ್ನು ಏಡಿಯ ಜೊತೆ ಕುಡಿಯಬೇಕು, ಯಾವುದನ್ನು ಉಪ್ಪು ಹಚ್ಚಿ ಸುಟ್ಟ ಮೀನಿನ ಜೊತೆ ಅಂತ ದಿನವಿಡೀ ಹೇಳುತ್ತಿದ್ದೆ. ‘ಸದಾವೊ ಸಾನ್ ಹೇಳಿದ ಮೇಲೆ ಮುಗೀತು’ ಅನ್ನುತ್ತಿದ್ದರು ಜನ. ಅದನ್ನು ಕೇಳಿ ಉಬ್ಬಿಹೋಗುತ್ತಿದ್ದೆ.

ಸಾಕೆ ಮಾಡಲು ಬರುತ್ತಿದ್ದದ್ದು ಮಾತ್ರ ನನ್ನ ತಮ್ಮ ಇಸಾಮುವಿಗೆ.

ಹದಿನೆಂಟನೇ ವಯಸ್ಸಿಗೆ ಅವನು ಊರಿನ ಮೇಲ್ತುದಿಯ ಸಾಕೆ ಮನೆಗೆ ಸೇರಿದ. ಚಳಿಗಾಲದ ಕೊರೆಯುವ ನೀರಿನಲ್ಲಿ ಅಕ್ಕಿ ತೊಳೆಯುವುದರಿಂದ ಶುರು ಮಾಡಿ, ಬೆಂದ ಅಕ್ಕಿಗೆ ಬೂಷ್ಟು ಹಿಡಿಸುವ ಬೆಚ್ಚಗಿನ ಕೋಣೆಯವರೆಗೆ ಬರಲು ಅವನಿಗೆ ಮೂವತ್ತು ವರ್ಷ ಹಿಡಿಯಿತು. ನಾನು ಒಂದು ಗಂಟೆ ಮಾತಾಡಿದರೆ ಅವನು ‘ಹೌದಾ’ ಅನ್ನುತ್ತಿದ್ದ. ಅಷ್ಟೇ ಅವನ ಮಾತು. ಅವನ ಕೈಬೆರಳುಗಳು ವರ್ಷವಿಡೀ ಊದಿಕೊಂಡು ಕೆಂಪಗಿರುತ್ತಿದ್ದವು. ‘ಹೆಂಗಸರ ಹಾಗೆ ಅಕ್ಕಿ ತೊಳೆಯೋ ಕೆಲಸ’ ಅಂತ ನಾನು ರೇಗಿಸಿದರೆ ಆ ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ನಗುತ್ತಿದ್ದ.

ಅವನಿಗೆ ನಲವತ್ತೆಂಟಾದ ವರ್ಷ ಸಾಕೆ ಮನೆಯ ದೊಡ್ಡ ಮೇಸ್ತ್ರಿ ಮೊದಲ ಸಲ ಒಂದು ಇಡೀ ತೊಟ್ಟಿಯನ್ನು ಅವನ ಕೈಗೆ ಒಪ್ಪಿಸಿದರು. ನಿನ್ನ ಇಷ್ಟದ ಹಾಗೆ ಮಾಡು ಅಂದರಂತೆ. ಇಸಾಮು ಹಳೇ ಕಾಲದ ನಿಧಾನದ ಪದ್ಧತಿ ಹಿಡಿದ. ಹುದುಗು ತಾನಾಗಿ ಏಳುವವರೆಗೆ ನಸುಕಿನಲ್ಲಿ ಎದ್ದು ಹುಟ್ಟು ಹಾಕಿ ಕಲಕುವುದು, ಕಾಯುವುದು, ಮತ್ತೆ ಕಲಕುವುದು. ಡಿಸೆಂಬರ್ ಕೊನೆಗೆ ಸಾಕೆ ಹಿಂಡಿದರು. ಹೊಸ ವರ್ಷದ ಹಿಂದಿನ ದಿನ ಅವನು ನನ್ನ ಮನೆಗೆ ಎರಡು ದೊಡ್ಡ ಬಾಟಲಿ ತಂದ. ಎರಡನ್ನೂ ಬೆಳಕು ಬೀಳದ ಹಾಗೆ ಪೇಪರಿನಲ್ಲಿ ಸುತ್ತಿದ್ದ.

“ಅಣ್ಣ, ಇದನ್ನ ಈಗ ತೆಗೀಬೇಡ. ಇನ್ನೂ ಹಸಿ. ಒಂದು ಬೇಸಿಗೆ ದಾಟಲಿ. ಶರತ್ಕಾಲದಲ್ಲಿ ಬಿಸಿ ಮಾಡಿ ಕುಡಿ.”

“ಫ್ರಿಜ್ಜಲ್ಲಿ ಇಡ್ಲಾ?”

“ಬೇಡ ಬೇಡ. ಅಡುಗೆಮನೇಲಿ ನೆಲದ ಹಲಗೆ ಕೆಳಗೆ ಇಡು, ಉಪ್ಪಿನಕಾಯಿ ಜೊತೆ. ಅದರ ಪಾಡಿಗೆ ಅದಿರಲಿ.”

ನಾನು ಹೂಂ ಅಂದೆ. ಇಷ್ಟು ಸ್ಪಷ್ಟವಾಗಿ ಹೇಳಿದ್ದ. ಕೇಳಿಸಿರಲಿಲ್ಲ ಅಂತ ಇವತ್ತು ಹೇಳುವುದಕ್ಕೂ ನನಗೆ ದಾರಿಯಿಲ್ಲ.

ಆಗಿನ ಕಾಲದಲ್ಲಿ ಹಣ್ಣಿನ ವಾಸನೆಯ ತೆಳು ಸಾಕೆಯ ಹುಚ್ಚು ಎಲ್ಲರಿಗೂ. ಅದನ್ನು ಐಸಿನಂತೆ ತಣ್ಣಗೆ ಮಾಡಿ, ಕಾಲಿರುವ ಗಾಜಿನ ಲೋಟದಲ್ಲಿ ಹಾಕಿ, ಕಣ್ಣು ಮುಚ್ಚಿ ಮೂಸಬೇಕು. ಬಿಸಿ ಮಾಡಿ ಕುಡಿಯುವುದು ಮುದುಕರ ಕೆಲಸ, ಕೆಟ್ಟ ಸಾಕೆಯ ಕೊಳಕು ಮುಚ್ಚುವ ಉಪಾಯ ಅಂತ ನಾನೇ ಅಂಗಡಿಯಲ್ಲಿ ಭಾಷಣ ಮಾಡುತ್ತಿದ್ದೆ. ಅಂಥವನ ಮನೆಗೆ ಹೊಸ ವರ್ಷದ ದಿನ ಏಳೆಂಟು ಜನ ಬಂದಿದ್ದರು. ಸಾಕೆ ಮನೆಯ ಯಜಮಾನರೂ ಬಂದಿದ್ದರು, ಅವರು ನನ್ನ ಖಾಯಂ ಗಿರಾಕಿ. ಇಸಾಮುವೂ ಇದ್ದ, ಬಾಗಿಲ ಹತ್ತಿರ ಮೊಣಕಾಲೂರಿ ಕೂತಿದ್ದ. ನನಗೆ ಜಂಬ ತಡೆಯಲಿಲ್ಲ. ತಮ್ಮನ ಸಾಕೆಯ ಒಂದು ಬಾಟಲಿಯನ್ನು ಬೆಳಗ್ಗೆಯೇ ಹೊರಗೆ ಹಿಮದಲ್ಲಿ ಹೂತಿಟ್ಟಿದ್ದೆ. ತಂದು, ಪೇಪರ್ ಹರಿದು, ಮುಚ್ಚಳ ತೆಗೆದೆ.

ಇಸಾಮು ಅರ್ಧ ಎದ್ದ. “ಅಣ್ಣ, ಅದು…” ಅಂದ. ಅಷ್ಟು ಜನರ ಮುಂದೆ ಅಣ್ಣನನ್ನು ತಡೆಯುವವನಲ್ಲ ಅವನು. ಮತ್ತೆ ಕೂತ.

ತಣ್ಣಗಿನ ಗಾಜಿನ ಲೋಟದಲ್ಲಿ ಆ ಸಾಕೆ ಹುಳಿಯಾಗಿತ್ತು, ಒರಟಾಗಿತ್ತು, ನಾಲಿಗೆಯ ಅಂಚು ಹಿಡಿಯುತ್ತಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನಾದರೂ ಹೇಳಬೇಕಿತ್ತು. “ಏಡಿ ಬೇಯಿಸೋಕೆ ಒಳ್ಳೇದು,” ಅಂದೆ. “ಕುಡಿಯೋಕೆ ಅಂದ್ರೆ ಏಡಿಗೇ ಕುಡಿಸಬೇಕು.”

ಮನೆ ಹಾರಿಹೋಗುವ ಹಾಗೆ ನಕ್ಕರು. ಯಜಮಾನರೂ ನಕ್ಕರು. ಇಸಾಮುವೂ ನಕ್ಕ, ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡು. ಆಮೇಲೆ ಎದ್ದು ಬಂದು, ನನ್ನ ಬಟ್ಟಲಿಗೆ ನನಗೆ ಇಷ್ಟವಾದ ಬೇರೆ ಸಾಕೆ ಹಾಕಿದ. ನಮ್ಮಲ್ಲಿ ಯಾರೂ ತಮ್ಮ ಬಟ್ಟಲು ತಾವೇ ತುಂಬಿಕೊಳ್ಳುವುದಿಲ್ಲ. ಒಬ್ಬರು ಹಾಕಿದರೆ ಇನ್ನೊಬ್ಬರು ತಿರುಗಿ ಹಾಕಬೇಕು. ನಾನು ಹಾಕಲಿಲ್ಲ. ಮಾತಿನ ಭರದಲ್ಲಿದ್ದೆ. ಅವನ ಬಟ್ಟಲು ಬರಿದಾಗಿಯೇ ಇತ್ತು.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಒಂದು ಮಾತು ಜನರನ್ನು ನಗಿಸಿತು ಅಂದರೆ ನಾನು ಅದನ್ನು ಬಿಡುವವನಲ್ಲ. ಆ ತಿಂಗಳು ಪೂರ್ತಿ ಕುರ್ಚಿಗೆ ಬಂದವರಿಗೆಲ್ಲ ಏಡಿಯ ಮಾತು ಹೇಳಿದೆ. ಮಾರ್ಚ್ ಹೊತ್ತಿಗೆ ಮೀನು ಮಾರುಕಟ್ಟೆಯಲ್ಲಿ ಆ ತೊಟ್ಟಿಗೆ ‘ಏಡಿ ಸಾಕೆ’ ಅಂತಲೇ ಹೆಸರಾಗಿತ್ತು. ಯಜಮಾನರು ಅದಕ್ಕೆ ಅದರದೇ ಒಂದು ಹೆಸರಿಟ್ಟು ಮಾರಲಿಲ್ಲ. ಅಗ್ಗದ ಸಾಕೆಯ ಜೊತೆ ಬೆರೆಸಿ ಮುಗಿಸಿಬಿಟ್ಟರು. ಇಸಾಮುವಿಗೆ ಇನ್ನೊಂದು ತೊಟ್ಟಿ ಸಿಗಲಿಲ್ಲ. ಎರಡು ವರ್ಷಕ್ಕೆ ದೊಡ್ಡ ಮೇಸ್ತ್ರಿ ತೀರಿಕೊಂಡಾಗ ಆ ಜಾಗಕ್ಕೆ ಹೊರಗಿನವನೊಬ್ಬ ಬಂದ. ನನ್ನ ತಮ್ಮ ಕೆಲಸ ಬಿಡುವವರೆಗೂ ಅಕ್ಕಿ ತೊಳೆಯುವವರ ಮೇಲೆ ನಿಗಾ ಇಡುತ್ತ ಉಳಿದ.

ಏಡಿಯ ಮಾತು ಹುಟ್ಟಿದ ಅದೇ ವರ್ಷದ ಅಕ್ಟೋಬರಿನಲ್ಲಿ ಒಮ್ಮೆ ಅವನು ಅಂಗಡಿಗೆ ಬಂದಿದ್ದ. ನಾನು ಒಬ್ಬರ ಗಡ್ಡ ಕೆರೆಯುತ್ತಿದ್ದೆ.

“ಅಣ್ಣ, ಭಾನುವಾರ ಮನೆಗೆ ಬರ್ತೀಯಾ? ಸರೋವರದ ಮರುವಾಯಿ ಚಿಪ್ಪು ಸಿಕ್ಕಿದೆ. ಸಾರು ಮಾಡಿಸ್ತೀನಿ.”

“ಭಾನುವಾರ ಅಂಗಡಿ ಬಿಟ್ಟು ಬರೋಕಾಗುತ್ತೇನೋ? ಕ್ಷೌರಿಕನಿಗೆ ರಜ ಸೋಮವಾರ ಅಂತ ಗೊತ್ತಿಲ್ವಾ ನಿಂಗೆ?”

“ಹಾಗಾದ್ರೆ ಸೋಮವಾರ.”

“ನೋಡೋಣ, ನೋಡೋಣ.”

ನೋಡಲಿಲ್ಲ. ಸೋಮವಾರ ಯಾರ ಮನೆಗೋ ಸಾಕೆ ಆರಿಸಿಕೊಡಲು ಹೋಗಿದ್ದೆ, ಮದುವೆಗೆ.

ಇದೆಲ್ಲ ಆಗಿ ಇಪ್ಪತ್ತಾರು ವರ್ಷ. ಅಂಗಡಿ ಮುಚ್ಚಿದೆ. ಯಜಮಾನರಿಲ್ಲ. ಕುರ್ಚಿಯಲ್ಲಿ ಕೂತು ನಕ್ಕವರಲ್ಲಿ ಬದುಕಿರುವವರನ್ನು ಒಂದು ಕೈಯಲ್ಲಿ ಎಣಿಸಬಹುದು. ಹೋದ ವಸಂತದಲ್ಲಿ ಇಸಾಮುವಿಗೆ ಅನ್ನನಾಳದ ಆಪರೇಷನ್ ಆಯಿತು. ಬಾಯಿಂದ ಒಂದು ಹನಿ ನೀರೂ ನುಂಗುವ ಹಾಗಿಲ್ಲ, ಹೊಟ್ಟೆಗೆ ಕೊಳವೆಯಲ್ಲೇ ಆಹಾರ. ಮನೆಗೆ ಕಳಿಸಿದ್ದಾರೆ. ಮನೆಗೆ ಯಾಕೆ ಕಳಿಸಿದರು ಅಂತ ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಈ ಡಿಸೆಂಬರಿನಲ್ಲಿ ನನ್ನ ಹೆಂಡತಿ ಮಸಾಯೊ ವರ್ಷದ ಕೊನೆಯ ಸ್ವಚ್ಛತೆಗೆ ಅಡುಗೆಮನೆಯ ನೆಲದ ಹಲಗೆ ಎತ್ತಿದಳು.

“ಏನ್ರೀ, ಇಲ್ಲಿ ಜಾಡಿಗಳ ಹಿಂದೆ ಪೇಪರ್ ಸುತ್ತಿರೋದೊಂದು ಬಾಟ್ಲಿ ಇದೆ. ಬಿಸಾಕ್ಲಾ?”

ನೋಡಿದ ಕೂಡಲೇ ಗೊತ್ತಾಯಿತು. ಎರಡನೆಯ ಬಾಟಲಿ, ಅವತ್ತು ಇಟ್ಟು ಮರೆತದ್ದು. ಪೇಪರು ಹಳದಿಯಾಗಿ ಮುಟ್ಟಿದರೆ ಉದುರುತ್ತಿತ್ತು. ಅದರ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಅವನ ಗುಂಡು ಅಕ್ಷರ: ‘ಅಣ್ಣನಿಗೆ. ಬೇಸಿಗೆ ದಾಟಿದ ಮೇಲೆ.’ ಇಪ್ಪತ್ತಾರು ಬೇಸಿಗೆ ದಾಟಿತ್ತು.

ಹಾಳಾಗಿರುತ್ತೆ ಅಂದುಕೊಂಡೇ ತೆಗೆದೆ. ಬಣ್ಣ ಜೇನಿನಂತಾಗಿತ್ತು. ಹೂಜಿಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು, ಬಟ್ಟಲಿಗೆ ಬಗ್ಗಿಸಿ ಒಂದು ಗುಟುಕು ಕುಡಿದೆ. ಸ್ಟೌವ್ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ. ಆ ಹುಳಿ ಎಲ್ಲಿ ಹೋಯಿತೋ, ಆ ಒರಟು ಎಲ್ಲಿ ಹೋಯಿತೋ. ಹುರಿದ ಅಕ್ಕಿ, ಒಣ ಅಣಬೆ, ಬೆಲ್ಲ ಕಾಸಿದ ವಾಸನೆ, ಎಲ್ಲವೂ ಒಂದರ ಹಿಂದೊಂದು ಬಂದವು, ಗಂಟಲು ಇಳಿದ ಮೇಲೂ ಎದೆ ಬೆಚ್ಚಗೇ ಇತ್ತು. ಇಂಥ ಸಾಕೆಯನ್ನು ನಾನು ಎಪ್ಪತ್ತೇಳು ವರ್ಷದಲ್ಲಿ ಕುಡಿದಿರಲಿಲ್ಲ.

“ಏನಾಯ್ತ್ರೀ? ಕೆಟ್ಟಿದ್ಯಾ?” ಅಂದಳು ಮಸಾಯೊ.

“ಕೆಟ್ಟಿರೋದು ನಾನು,” ಅಂದೆ.

ಮಾರನೇ ದಿನ ಮಧ್ಯಾಹ್ನ ಬಾಟಲಿ ಎದೆಗವಚಿಕೊಂಡು ಹಿಮದಲ್ಲಿ ಅವನ ಮನೆಗೆ ನಡೆದೆ. ದಾರಿಯಿಡೀ ಒಂದೇ ಯೋಚನೆ. ಅವನ ನಾಲಿಗೆಗೆ ರುಚಿ ನೋಡುವುದು ತಪ್ಪಿಹೋಯಿತು, ಮೂಗು ಇನ್ನೂ ಇದೆ. ಅದು ಇರುವಾಗಲೇ ನಾನು ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ತಪ್ಪಾಯ್ತು ಅನ್ನಬೇಕು. ನಲವತ್ತೆರಡು ವರ್ಷ ಬಾಯಿ ಮುಚ್ಚದವನಿಗೆ ಆ ಒಂದು ಮಾತು ಹೇಗೆ ಶುರು ಮಾಡುವುದು ಅಂತ ತಿಳಿಯಲಿಲ್ಲ.

ಅವನ ಹೆಂಡತಿ ಕಿನುಕೊ ಬಾಗಿಲು ತೆಗೆದು ಬಾಟಲಿ ನೋಡಿ ಗಾಬರಿಯಾದಳು. “ಭಾವ, ಅವರಿಗೆ ಒಂದು ಹನೀನೂ ಕೊಡೋ ಹಾಗಿಲ್ಲ.”

“ಗೊತ್ತಮ್ಮ. ಮೂಸೋಕೆ ಅಷ್ಟೇ.”

ಇಸಾಮು ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತಿದ್ದ. ಬಾಟಲಿಯ ಮೇಲಿನ ಪೇಪರನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಕಾಣುವ ಹಾಗೆ ಅಲ್ಲೇ ಸಣ್ಣ ಒಲೆಯ ಮೇಲೆ ನೀರಿಟ್ಟು ಹೂಜಿ ಇಳಿಸಿದೆ. ಸ್ವಲ್ಪ ಹೊತ್ತಿಗೆ ತೆಗೆಯಹೋದೆ.

“ಇನ್ನೂ ಬೇಡ,” ಅಂದ. ಗಾಳಿಯಷ್ಟೇ ದನಿ. “ತಳ ಮುಟ್ಟಿ ನೋಡು. ಬಿಸಿಗೆ ಬೆರಳು ತಾನಾಗೇ ಕಿವಿಗೆ ಹೋಗ್ಬೇಕು.”

ಮುಟ್ಟಿದೆ. ಮತ್ತೊಂದು ನಿಮಿಷಕ್ಕೆ ಬೆರಳು ಚುರುಕ್ ಅಂದು ನಾನು ಕಿವಿ ಹಿಡಿದುಕೊಂಡೆ. ಅವನು ನಕ್ಕ. ಆ ಕೆಲಸವನ್ನು ಅವನಿಂದ ಕಲಿತದ್ದು ಅವತ್ತೇ.

ಎರಡು ಕೈಯಲ್ಲಿ ಹೂಜಿ ಹಿಡಿದು ಅವನ ಬಟ್ಟಲಿಗೆ ಹಾಕಿದೆ. ತಮ್ಮನಿಗೆ ನಾನು ಎಂದಾದರೂ ಹಾಕಿಕೊಟ್ಟದ್ದು ನೆನಪಿಲ್ಲ. ಅವನು ಊದಿದ ಬೆರಳುಗಳ ಎರಡು ಕೈಯಲ್ಲಿ ಬಟ್ಟಲು ಎತ್ತಿ ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಲಿಲ್ಲ. ಕಿಟಕಿಯಾಚೆ ನೋಡುತ್ತ ಮೂಸಿದ. ಆವಿ ನಿಲ್ಲುವವರೆಗೂ ಮೂಸುತ್ತಲೇ ಇದ್ದ.

“ಇಸಾಮು,” ಅಂದೆ. “ಇದು ಒಳ್ಳೇ ಸಾಕೆ ಕಣೋ. ಇಷ್ಟು ಒಳ್ಳೇದು ನಾನು ಕುಡಿದೇ ಇಲ್ಲ. ಅವತ್ತು ನಾನು…”

“ಗೊತ್ತು ಅಣ್ಣ.”

“ಏನು ಗೊತ್ತು?”

“ಒಳ್ಳೇದು ಅಂತ. ನಂಗೂ ಒಂದು ಬಾಟ್ಲಿ ಇಟ್ಕೊಂಡಿದ್ದೆ. ಆ ಅಕ್ಟೋಬರಲ್ಲೇ ಬಿಸಿ ಮಾಡಿ ಕುಡಿದೆ.”

ಇಪ್ಪತ್ತೈದು ವರ್ಷದಿಂದ ಅವನಿಗೆ ಗೊತ್ತಿತ್ತು. ಊರು ಇನ್ನೂ ಏಡಿ ಸಾಕೆ ಅನ್ನುತ್ತಿದ್ದಾಗ, ತೊಟ್ಟಿ ಸಿಗದೇ ಹೋದಾಗ, ಹೊರಗಿನವನ ಕೈಕೆಳಗೆ ಅಕ್ಕಿ ತೊಳೆಸುವಾಗ, ಪ್ರತಿ ಹೊಸ ವರ್ಷಕ್ಕೆ ಬಂದು ನನ್ನ ಬಟ್ಟಲು ತುಂಬುವಾಗ, ಅವನಿಗೆ ಗೊತ್ತಿತ್ತು. ಒಂದು ಸಲ ಜೋರಾಗಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಆಮೇಲೆ ಕುಡಿಯುತ್ತಿದ್ದೆ, ಆಮೇಲೆ ಊರಿಗೆಲ್ಲ ಹೇಳುತ್ತಿದ್ದೆ. ಈಗ ಹೇಳಬೇಕೆಂದರೆ ಕುರ್ಚಿಯೂ ಇಲ್ಲ, ಕೂರುವವರೂ ಇಲ್ಲ.

“ನಂಗ್ಯಾಕೋ ಹೇಳ್ಲಿಲ್ಲ?” ಅಂದೆ. ನನ್ನ ದನಿ ಏರಿತ್ತು. ಸಿಟ್ಟು ಯಾರ ಮೇಲೆ ಅಂತ ಅವನಿಗೂ ಗೊತ್ತಿರಬೇಕು.

“ಕರೆದಿದ್ನಲ್ಲ.” ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಹೂಜಿ ಎತ್ತಿಕೊಂಡು, ನನ್ನ ಬಟ್ಟಲಿಗೆ ಬಗ್ಗಿಸಿದ. ಅರ್ಧ ಚಾಪೆಗೆ ಚೆಲ್ಲಿತು. “ಭಾನುವಾರ ಎರಡು ಬಟ್ಟಲು ಇಟ್ಕೊಂಡು ಕೂತಿದ್ದೆ. ಸೋಮವಾರಾನೂ ಇಟ್ಟಿದ್ದೆ, ಅಣ್ಣ.”