ಎರಡು ಮೀಟರ್

ಕಡಲಸಿಂಹ ಹೋಲ್ಗರನ ಮೇಲೆ ಮಲಗಿಬಿಟ್ಟಿತು.

ಹೋಲ್ಗರನ ಮೇಲೆ ಅಂದರೆ, ಅವನ ಬೂದಿಯ ಡಬ್ಬಿಯಿದ್ದ ಚೀಲದ ಮೇಲೆ. ಬದುಕಿದ್ದಾಗ ಅವನು ಮೀನು ತುಂಬುತ್ತಿದ್ದ ಚೀಲ ಅದು. ಎಷ್ಟು ಒಗೆದರೂ ವಾಸನೆ ಹೋಗಿರಲಿಲ್ಲ. ಹೆಂಡತಿ ನರ್ಸಿಸಾ ಚಪ್ಪಲಿ ಬಿಚ್ಚಲೆಂದು ಅದನ್ನು ಲಾವಾ ಬಂಡೆಯ ಪಕ್ಕ ಇಟ್ಟದ್ದೇ ತಡ, ಎಲ್ಲಿತ್ತೋ ಈ ಪ್ರಾಣಿ, ತೆವಳಿಕೊಂಡು ಬಂದು ಮೂಸಿ, ಮೇಲೆ ಒರಗಿ ಗೊರಕೆ ಹೊಡೆಯತೊಡಗಿತು.

ನರ್ಸಿಸಾ ಎರಡು ಮೀಟರ್ ಹಿಂದೆ ಸರಿದು ಕೂತಳು. ಏಳು ವರ್ಷದಿಂದ ಪ್ರವಾಸಿಗರಿಗೆ ಅವಳೇ ಹೇಳುತ್ತಿದ್ದ ನಿಯಮ: ಪ್ರಾಣಿಗಳಿಂದ ಎರಡು ಮೀಟರ್ ದೂರ. ತೀರದಿಂದ ಏನನ್ನೂ ಒಯ್ಯಬಾರದು, ತೀರದಲ್ಲಿ ಏನನ್ನೂ ಬಿಡಬಾರದು.

ಕೊನೆಯದನ್ನು ಮುರಿಯಲೆಂದೇ ಇವತ್ತು ಬಂದಿದ್ದಳು. ಅವನು ಬಲೆ ಬೀಸುತ್ತಿದ್ದ ಈ ಕೊಲ್ಲಿಗೆ ಒಂದು ಮುಷ್ಟಿ ಬೂದಿ. ಉಳಿದದ್ದು ನಾಲ್ಕು ಗಂಟೆಗೆ ಚರ್ಚಿನಲ್ಲಿ ಅತ್ತೆಯ ಕೈಗೆ. ನಲವತ್ತು ದಿನವಾದರೂ ಅವಳಿಗೆ ಅಳು ಬಂದಿರಲಿಲ್ಲ. ಇಲ್ಲಾದರೂ ಬಂದೀತು ಎಂದುಕೊಂಡಿದ್ದಳು.

ದೋಣಿಯಿಂದ ಮೈದುನ ವಿಲ್ಮರ್ ಕೂಗಿದ.

"ಅತ್ತಿಗೇ, ಆಯ್ತಾ?"

"ಇಲ್ಲ. ಮಲಗಿದೆ."

"ಯಾವುದು?"

"ಕಡಲಸಿಂಹ. ನಿಮ್ಮಣ್ಣನ ಮೇಲೆ."

ಅವನು ಕತ್ತು ಚಾಚಿ ನೋಡಿದ.

"ಹೆಣ್ಣಾ?"

"ಹೆಣ್ಣು."

"ಪುಣ್ಯಾತ್ಮ. ಸತ್ತ ಮೇಲೂ ಬಿಡಲಿಲ್ಲ ನೋಡಿ."

ಹುಟ್ಟು ಹಿಡಿದುಕೊಂಡು ಇಳಿದು ಬಂದ. "ಇದರಲ್ಲಿ ಒಂಚೂರು ತಿವಿದ್ರೆ ಎದ್ದು ಹೋಗುತ್ತೆ."

"ಬೇಡ. ನಾನು ದೂರು ಕೊಡ್ಬೇಕಾಗುತ್ತೆ."

"ಯಾರಿಗೆ?"

"ಈ ತೀರಕ್ಕೆ ನಾನೇ ಗೈಡು. ನನಗೇ."

"ಅಮ್ಮನಿಗೆ ಏನು ಹೇಳ್ಲಿ? ಪಾದ್ರಿ ಬಂದು ಕೂತಿರ್ತಾರೆ. ಅಣ್ಣ ಮಲ್ಕೊಂಡಿದಾನೆ, ಆಮೇಲೆ ಬರ್ತಾನೆ ಅನ್ಲಾ?"

"ಹಾಗೇ ಹೇಳು."

"ಅದೇನು ಹೊಸದಲ್ಲ ಬಿಡಿ. ಸಣ್ಣೋನಿದ್ದಾಗಿಂದ ಅದನ್ನೇ ಹೇಳ್ತಿದ್ದೆ."

ಬಾಳೆಕಾಯಿ ಉಂಡೆ ತಿನ್ನಲು ಅವನು ದೋಣಿಗೆ ಮರಳಿದ.

ಬಂಡೆಯ ಮೇಲಿದ್ದ ದೊಡ್ಡ ಓತಿಯಂಥ ಇಗ್ವಾನಗಳು ಒಂದಾದ ಮೇಲೊಂದು ಸೀನಿದವು. ಸಾವಿನ ಮನೆಯಲ್ಲಿ ನೆಂಟರು ಮೂಗು ಸೀಟಿದ ಹಾಗಿತ್ತು. ಅವಕ್ಕೆ ದುಃಖವೇನಿಲ್ಲ, ಮೈಯಲ್ಲಿ ಉಪ್ಪು ಹೆಚ್ಚಾದಾಗ ಹೊರಹಾಕುತ್ತವೆ. ವಿಶ್ವವಿದ್ಯಾಲಯದಲ್ಲಿ ಅವಳು ಪ್ರಬಂಧ ಬರೆದದ್ದೇ ಅದರ ಮೇಲೆ.

ಈ ದೂರದಲ್ಲಿ ಕೂತದ್ದು ಅವಳಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಗಾಬರಿಯಾಯಿತು. ಆಸ್ಪತ್ರೆಯಲ್ಲೂ ಅವಳ ಕುರ್ಚಿ ಹೋಲ್ಗರನ ಹಾಸಿಗೆಯಿಂದ ಹೆಚ್ಚುಕಡಿಮೆ ಇಷ್ಟೇ ದೂರವಿತ್ತು. ಅಲ್ಲಿ ಯಾವ ನಿಯಮವೂ ಇರಲಿಲ್ಲ.

ಅಷ್ಟರಲ್ಲಿ ಮರಿಯೊಂದು ನೀರಿನಿಂದ ಎದ್ದು ಬಂತು. ಮಲಗಿದ್ದ ತಾಯಿಯನ್ನು ದಾಟಿ, ನೇರ ಇವಳ ತೊಡೆಯ ಮೇಲೆ ಒದ್ದೆ ತಲೆಯಿಟ್ಟು, ಲಂಗದ ಅಂಚನ್ನು ಚೀಪತೊಡಗಿತು. ಪ್ರಾಣಿ ತಾನಾಗಿ ಹತ್ತಿರ ಬಂದರೆ ಅಲುಗಾಡಬಾರದು, ಮುಟ್ಟಬಾರದು, ಕೈ ಮೇಲೆತ್ತಬೇಕು. ಅವಳು ಎರಡೂ ಕೈ ಮೇಲೆತ್ತಿದಳು.

ವಿಲ್ಮರ್ ಹಾರ್ನ್ ಬಾರಿಸಿದ. "ಮೂರೂ ಮುಕ್ಕಾಲು! ಅತ್ತಿಗೇ, ಪಿಸ್ತೂಲು ಹಿಡಿದಿರೋರು ಯಾರು?"

ಮರಿಗೆ ನಿದ್ದೆ ಹತ್ತಿತ್ತು. ಅವಳು ಎತ್ತಿದ ಕೈಗಳನ್ನು ಇಳಿಸಲಿಲ್ಲ.

ಬೆನ್ನ ಹಿಂದೆ ಬಿಸಿಲು ಇಳಿಯಿತು. ಅವಳ ಎತ್ತಿದ ಅಂಗೈಯ ನೆರಳು ಕಪ್ಪು ಮರಳಿನ ಮೇಲೆ ಉದ್ದವಾಗುತ್ತ ಎರಡು ಮೀಟರ್ ದಾಟಿ, ಮಲಗಿದ್ದ ಪ್ರಾಣಿಯ ಬೆನ್ನ ಮೇಲೆ ಬಿತ್ತು. ಅದು ಕಣ್ಣು ತೆರೆಯಲಿಲ್ಲ. ನೊಣ ಕೂತಿತೇನೋ ಎಂಬಂತೆ ಆ ಜಾಗವನ್ನು ಒಮ್ಮೆ ಕೆರೆದುಕೊಂಡು, ಚೀಲವನ್ನು ಇನ್ನಷ್ಟು ತನ್ನಡಿಗೆ ಎಳೆದುಕೊಂಡಿತು.