ಆರ್ಕಿಡ್‌ಗೆ ನೀರು ಹಾಕಿದವರು

ಡ್ರೈವಿಂಗ್ ಶಾಲೆಯಲ್ಲಿ ಅವಳಿಗೆ ಬ್ರೇಕಮ್ಮ ಅಂತಲೇ ಹೆಸರು. ಪಕ್ಕದ ಸೀಟಿನಲ್ಲಿ ಕೂತು ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಕಲಿಯಲು ಬಂದವರ ಜೀವ ಬಾಯಿಗೆ ತರುವುದರಲ್ಲಿ ಎತ್ತಿದ ಕೈ. ಎದುರಿಗೆ ಲಾರಿ ನುಗ್ಗಿ ಬಂದರೂ ಕಣ್ಣು ಮಿಟುಕಿಸದ ಈ ಹೆಂಗಸು ಒಂದು ಗಿಡಕ್ಕೆ ಹೆದರಿಕೊಂಡು ಬಾಳುವಂತಾಯಿತು.

ಅದಕ್ಕೆ ಕಾರಣ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಅಮ್ಮ ಸಾಮಾನ್ಯದ ಹೆಂಗಸಲ್ಲ. ಹಾಸಿಗೆ ಹಿಡಿದ ಮೇಲೂ ಟೀವಿ ರಿಮೋಟನ್ನು ದಿಂಬಿನಡಿ ಬಚ್ಚಿಟ್ಟುಕೊಂಡು ಇಡೀ ಮನೆಯನ್ನು ಆಳಿದವಳು. ಅವತ್ತು ನೆಂಟರೆಲ್ಲ ಮೂಗೊರೆಸಿಕೊಳ್ಳುತ್ತ ಕೂತಿದ್ದಾಗ, ದಿಂಬು ಸರಿಮಾಡಲು ಹೋದ ಅತ್ತಿಗೆ, "ಅಂತೂ ರಿಮೋಟ್ ಸಿಕ್ತು" ಅಂದುಬಿಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು. ಬ್ರೇಕಮ್ಮ ಕೆಂಡವಾದಳು. ಇನ್ನು ಈ ಮನೆಗೆ ಕಾಲಿಟ್ಟರೆ ಕೇಳಿ ಅಂತ ಎದ್ದು ಬಂದವಳು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಹೀಗಿರುವಾಗ ಒಂದು ದಿನ ಅಣ್ಣ ಬಾಗಿಲಲ್ಲಿ ಪ್ರತ್ಯಕ್ಷನಾದ. ಕೈಯಲ್ಲಿ ಬಿಳಿ ಪಿಂಗಾಣಿ ಕುಂಡ, ಅದರಲ್ಲಿ ನೇರಳೆ ಹೂಗಳ ಆರ್ಕಿಡ್. "ನಿಮ್ಮತ್ತಿಗೆ ಕಳಿಸಿದ್ದು ಕಣೇ. ಸಾಯಿಸಬೇಡ" ಅಂದವನೇ ಕೂರಲೂ ಒಲ್ಲದೆ ಓಡಿದ.

ಬ್ರೇಕಮ್ಮನಿಗೆ ಕಳವಳ ಹತ್ತಿಕೊಂಡಿತು. ಗಿಡ ಸತ್ತರೆ ಅತ್ತಿಗೆ ಸುಮ್ಮನಿರುತ್ತಾಳೆಯೇ? 'ರಾಜಿಯಾಗೋಣ ಅಂತ ಕಳಿಸಿದ ಗಿಡವನ್ನೂ ಕೊಂದಳು ಮಹಾತಾಯಿ' ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹಾಗಾಗಿ ಬ್ರೇಕಮ್ಮ ದಿನಾ ಬೆಳಿಗ್ಗೆ ಎದ್ದ ತಕ್ಷಣ ಗಿಡಕ್ಕೊಂದು ಲೋಟ ನೀರು ಹಾಕತೊಡಗಿದಳು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡನಿಗೆ ಇದು ಗೊತ್ತಿರಲಿಲ್ಲ. ಅವನೂ ಸಂಜೆ ಬಂದು, "ಪಾಪ, ಬಾಯಾರಿರುತ್ತೆ" ಅಂತ ಒಂದು ಲೋಟ ಹುಯ್ಯುತ್ತಿದ್ದ. ಹೂಗಳು ಉದುರಿದವು. ಎಲೆಗಳು ಮುದುಕರ ಕಿವಿಯ ಹಾಗೆ ಸುಕ್ಕುಗಟ್ಟಿ ಜೋತುಬಿದ್ದವು. ನೀರು ಸಾಲುತ್ತಿಲ್ಲ ಅಂದುಕೊಂಡು ಇಬ್ಬರೂ ಲೋಟ ಬಿಟ್ಟು ಚೊಂಬು ಹಿಡಿದರು.

ಕೊನೆಗೆ ವಾಸನೆ ಶುರುವಾಯಿತು. ಗಂಡ ಸೋಫಾದಡಿ ಸತ್ತ ಇಲಿ ಹುಡುಕಿದ. ಮೂಗಿನ ಜಾಡು ಹಿಡಿದು ಇಬ್ಬರೂ ಗಿಡದ ಮುಂದೆ ಬಂದು ನಿಂತಾಗಲೇ ಒಬ್ಬರ ನೀರು ಇನ್ನೊಬ್ಬರಿಗೆ ಗೊತ್ತಾಗಿದ್ದು.

"ನೀವೂ ಹಾಕ್ತಿದ್ರಾ?"

"ನೀನು ಮರೀತೀಯ ಅಂದ್ಕೊಂಡೆ."

"ನಾನು ಮರೆಯೋಳಾ? ಒಂದು ರಿಮೋಟನ್ನೇ ಇಷ್ಟು ಕಾಲ ಮರೆತಿಲ್ಲ!"

ಬೇರೆ ದಾರಿ ಕಾಣದೆ ಬ್ರೇಕಮ್ಮ ಮಾನ ಮರ್ಯಾದೆ ಬದಿಗಿಟ್ಟು ಅತ್ತಿಗೆಗೆ ಫೋನ್ ಮಾಡಿದಳು.

"ಅತ್ತಿಗೆ, ನನ್ನ ಸ್ನೇಹಿತೆಯೊಬ್ಬಳ ಹತ್ರ ಆರ್ಕಿಡ್ ಇದೆ. ಅದಕ್ಕೆ ಎಷ್ಟು ದಿನಕ್ಕೊಂದು ಸಲ ನೀರು ಹಾಕ್ಬೇಕು?"

"ನಿನ್ನ ಸ್ನೇಹಿತೆ ಅದಕ್ಕೆ ಈಜು ಕಲಿಸ್ತಿದಾಳಾ?"

"ಹೆಚ್ಚೂ ಕಡಿಮೆ ಹಾಗೇ."

"ಮುಟ್ಟಬೇಡ. ಬಂದೆ."

ಅತ್ತಿಗೆ ಕತ್ತರಿ ಸಮೇತ ಬಂದಳು. ಇಬ್ಬರೂ ಬಚ್ಚಲಮನೆಯ ನೆಲದ ಮೇಲೆ ಕೂತರು. ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿದರೆ ಪಿಂಗಾಣಿಯ ತಳದಲ್ಲಿ ಕಪ್ಪು ನೀರು.

"ಇದೇನು ಕುಂಡಾನಾ, ಕೊಚ್ಚೆಗುಂಡೀನಾ?" ಅಂತ ಬೈಯುತ್ತಲೇ ಅತ್ತಿಗೆ ಕೊಳೆತ ಬೇರುಗಳನ್ನು ಕತ್ತರಿಸಿದಳು. "ಇದು ಮಣ್ಣಿನ ಗಿಡ ಅಲ್ಲ ಕಣೇ. ಮರಕ್ಕೆ ನೇತುಬಿದ್ದು ಗಾಳಿ ಕುಡಿಯೋ ಜಾತಿ. ಬೇರು ಹಸಿರಾಗಿದ್ರೆ ಹೊಟ್ಟೆ ತುಂಬಿದೆ, ಬೂದಿಬಣ್ಣಕ್ಕೆ ತಿರುಗಿದ್ರೆ ಆಗ ಹಾಕು. ವಾರಕ್ಕೊಂದು ಸಲ ಅಂದ್ಕೋ, ಬೇಸಿಗೇಲಿ ಸ್ವಲ್ಪ ಬೇಗ. ನಲ್ಲಿ ಕೆಳಗಿಟ್ಟು ಚೆನ್ನಾಗಿ ಮೀಯಿಸಿ, ನೀರೆಲ್ಲ ಸೋರಿದ ಮೇಲೇ ವಾಪಸ್ಸಿಡು."

"ಇದೆಲ್ಲ ಮೊದಲೇ ಹೇಳಿ ಕಳಿಸೋದಲ್ವಾ ಅತ್ತಿಗೆ?"

"ನಾನು ಕಳಿಸಿದ್ನಾ?" ಅತ್ತಿಗೆಯ ಕತ್ತರಿ ಅಲ್ಲೇ ನಿಂತಿತು. "ಕಳಿಸಿದೋಳು ನೀನು! ನಿಮ್ಮಣ್ಣ ತಂದು, ತಂಗಿ ಕೊಟ್ಟಿದ್ದು, ಸಾಯಿಸಬೇಡ ಅಂದ. ದಿನಾ ನೀರು ಹಾಕಿ ಕೊಂದೆ. ನಿನಗೆ ಗೊತ್ತಾದ್ರೆ ಗತಿಯೇನು ಅಂತ ಗುಟ್ಟಾಗಿ ಅದೇ ಬಣ್ಣದ್ದು ತಂದಿಟ್ಟೆ. ಅದೂ ಹೋಯ್ತು. ಮೂರನೇದು ಈಗ ಸುಮಾರಾಗಿದೆ."

ಬ್ರೇಕಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಹುಟ್ಟಿದಾಗಿನಿಂದ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಅಣ್ಣ, ಎರಡು ಕುಂಡಗಳಲ್ಲಿ ಇಬ್ಬರನ್ನೂ ಬೀಳಿಸಿದ್ದ! ಮೊದಲು ಅತ್ತಿಗೆಗೆ ನಗು ಬಂತು, ಆಮೇಲೆ ಇವಳಿಗೆ.

"ಅವತ್ತು ನಾನು ಹಾಗನ್ನಬಾರದಿತ್ತು" ಅಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

"ಮೆಲ್ಲಗೆ ಅಂದಿದ್ದು ಒಳ್ಳೇದಾಯ್ತು ಬಿಡಿ. ಅಮ್ಮನಿಗೆ ಕೇಳಿಸಿದ್ರೆ ರಿಮೋಟ್ ಕಿತ್ಕೊಳ್ಳೋಕೆ ಎದ್ದು ಕೂರ್ತಿದ್ಲು."

ಏನಾಯಿತೋ ಎಂದು ಬಾಗಿಲು ತೆಗೆದ ಗಂಡ, ಕೊಳೆತ ಬೇರು ಹಿಡಿದು ಬಿದ್ದು ಬಿದ್ದು ನಗುತ್ತಿದ್ದ ಇಬ್ಬರನ್ನು ಕಂಡು ಮೆತ್ತಗೆ ಬಾಗಿಲು ಹಾಕಿಕೊಂಡು ಹೋದ.

ಉಳಿದ ಎರಡು ಮೂರು ಬೇರುಗಳನ್ನು ಹೊಸ ತೊಗಟೆ ಚೂರುಗಳಲ್ಲಿ ನೆಟ್ಟು ಕಿಟಕಿ ಹತ್ತಿರ ಇಟ್ಟರು. ಗಂಡ ಚೊಂಬು ಹಿಡಿದು ಆ ಕಡೆ ಸುಳಿಯಕೂಡದೆಂದು ಅಪ್ಪಣೆಯಾಯಿತು. ಗಿಡ ಬಹಳ ದಿನ ಸತ್ತಂತೆಯೇ ಬಿದ್ದಿದ್ದು, ಆಮೇಲೆ ಸೋಮಾರಿಯಂತೆ ಒಂದು ಎಲೆ ಬಿಟ್ಟಿತು.

ಅತ್ತಿಗೆ ಫೋನ್ ಮಾಡಿದಳು. "ಹೂ ಬಂತಾ?"

"ಇನ್ನೂ ಇಲ್ಲ."

"ನಮ್ಮನೇದು ಮೊಗ್ಗು ಬಿಟ್ಟಿದೆ."

ಬ್ರೇಕಮ್ಮ ಸಿಟ್ಟಿನಿಂದ ಫೋನ್ ಕುಕ್ಕಿದಳು. ಮಾರನೇ ದಿನ ತಾನೇ ಮಾಡಿ, ಮೊಗ್ಗು ಎಷ್ಟು ದಪ್ಪ ಆಗಿದೆ ಅಂತ ವಿಚಾರಿಸಿದಳು.