ಪಟ್ಟಿಯಿಲ್ಲದ ಸೀಸೆ

"ದೂರ ಸರ್ಯೇ ಮುಂಡೆ. ಸೀಸೆ ಜಗಲಿ ಮ್ಯಾಲಿಕ್ಕಿ ಹಿಂದಕ್ಕೋಗು."

ಕಾಂಪೌಂಡರ್ ಶಂಕರಲಿಂಗಪ್ಪ ಗದರಿದಾಗ ನರಸಮ್ಮ ಸೀಸೆಯನ್ನಿಟ್ಟು ಅಂಗಳಕ್ಕಿಳಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೊಲಗೇರಿಯವರಿಗೆ ಅಂಗಳವೇ ಗಡಿ. ಡಾಕ್ಟರು ಮಧುಗಿರಿಗೆ ಹೋಗಿದ್ದರು. ಅವಳ ಹೆಗಲ ಮೇಲೆ ಮೂರು ವರ್ಷದ ಓಬಳಿ ಭೇದಿಯಿಂದ ಸೊರಗಿ ಜೋತುಬಿದ್ದಿದ್ದಳು.

ಮುಂದಿದ್ದ ಒಕ್ಕಲಗಿತ್ತಿ ಅಶ್ವತ್ಥಮ್ಮನ ಸೀಸೆಗೆ ಶಂಕರಲಿಂಗಪ್ಪ ಕಾಗದದ ಪಟ್ಟಿ ಅಂಟಿಸಿದ್ದ. ಪಟ್ಟಿಯ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿದ್ದ. ಒಂದು ಹೊತ್ತಿಗೆ ಔಷಧಿ ಒಂದು ಕಚ್ಚು ಇಳಿಯಬೇಕು. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. ನರಸಮ್ಮನ ಸೀಸೆಯನ್ನು ಮುಟ್ಟದೆ, ಜಾಡಿಯನ್ನು ಎತ್ತರದಲ್ಲೇ ಹಿಡಿದು ಅದಕ್ಕೆ ಸುರಿದ.

"ಅಯ್ಯಾ, ನಂಗೂ ಪಟ್ಟಿ ಅಂಟಿಸ್ಕೊಡಿ."

"ಇವಳ್ ಶೋಕಿ ನೋಡು," ಅಶ್ವತ್ಥಮ್ಮ ನಕ್ಕಳು.

"ನಿನ್ ಸೀಸೆ ಮುಟ್ಟಿ ನಾನು ಮೈ ತೊಳ್ಕೊಂಡ್ ಕೂತ್ಕಳ್ಳಾ? ಹೊತ್ತೊತ್ಗೆ ಒಂದ್ ಗುಟುಕು ಕುಡ್ಸೋಗು."

"ಮಗೀಗೂ ಅಷ್ಟೇನಾ?"

"ಇರೋದು ಒಂದೇ ಜಾಡಿ ಕಣೇ."

ಜಾಡಿಯಲ್ಲಿದ್ದುದು ಸೀಮೆಸುಣ್ಣದ ಪುಡಿಗೆ ಅಫೀಮು ಬೆರೆಸಿದ ಔಷಧಿ. ಮಕ್ಕಳಿಗೆ ಹನಿ ಲೆಕ್ಕ; ಹೆಚ್ಚಾದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಿಲ್ಲ.

ಗುಡಿಸಲಿನಲ್ಲಿ ನರಸಮ್ಮ ಒಂದು ಗುಟುಕು ನೀರನ್ನು ತನ್ನ ಬಾಯಿಗೆ ತೆಗೆದುಕೊಂಡು ತೆಂಗಿನ ಚಿಪ್ಪಿಗೆ ಉಗುಳಿದಳು. ನೀರು ನಿಂತ ಮಟ್ಟಕ್ಕೆ ಕುಡುಗೋಲಿನ ಮೊನೆಯಿಂದ ಗೆರೆ ಕೊರೆದು, ಚಿಪ್ಪನ್ನು ತೊಳೆದು, ಗೆರೆಯ ತನಕ ಔಷಧಿ ಸುರಿದು ಕುಡಿಸಿದಳು. ಒಂದು ಹನಿಯೂ ಹೆಚ್ಚಾಗದಂತೆ ನೋಡಿಕೊಂಡಳು. ಭೇದಿ ನಿಂತಿತು. ಮಗು ನಿದ್ದೆ ಹೋಯಿತು.

"ಔಸ್ದಿ ಹಿಡೀತು ಬುಡು," ಗಂಡ ದಾಸಯ್ಯ ಅಂದ. "ಹೆಂಗ್ ಮಲ್ಗವ್ಳೆ ನೋಡು."

ಸಂಜೆ ನಿದ್ದೆಯಲ್ಲೇ ಬಾಯಿ ಬಿಡಿಸಿ ಇನ್ನೊಂದು ಹೊತ್ತಿನದನ್ನು ಕುಡಿಸಿದಳು.

ಬೆಳಗ್ಗೆ ಓಬಳಿ ಏಳಲಿಲ್ಲ. ತುಟಿ ನೀಲಿಗಟ್ಟಿತ್ತು. ಮಗುವನ್ನು ಎತ್ತಿಕೊಂಡು ನರಸಮ್ಮ ಆಸ್ಪತ್ರೆಗೆ ಓಡಿದಳು.

"ಎಷ್ಟ್ ಕುಡ್ಸುದ್ಯೇ?" ಶಂಕರಲಿಂಗಪ್ಪ ಒಳಗಿನಿಂದಲೇ ಕೇಳಿದ.

"ನೀವ್ ಹೇಳ್ದಂಗೆ. ಗುಟುಕು."

"ದನ ಕಣೇ ನೀನು. ಮಗೀನ್ ಗುಟುಕು ಎಷ್ಟಿರ್ತದೆ ಅಂತ ಗೊತ್ತಾಗಲ್ವಾ? ಡಾಕ್ಟ್ರು ಬರ್ಲಿ, ಅಲ್ಲೇ ಕೂತಿರು."

ನರಸಮ್ಮ ಕೂರಲಿಲ್ಲ. ಜಗಲಿ ಹತ್ತಿದಳು, ಹೊಸಿಲು ದಾಟಿದಳು. "ಲೇ, ಲೇ" ಎಂದು ಹಿಂದಿನಿಂದ ಯಾರೋ ಕೂಗಿದರು. ಸೀಸೆಗಳನ್ನು ಮೊಣಕೈಯಿಂದ ಸರಿಸಿ ಮಗುವನ್ನು ಮೇಜಿನ ಮೇಲೆ ಮಲಗಿಸಿದಳು. ಗೋಡೆಗೊರಗಿದ್ದ ಶಂಕರಲಿಂಗಪ್ಪನ ಮಣಿಕಟ್ಟು ಹಿಡಿದೆಳೆದು, ಅವನ ಅಂಗೈಯನ್ನು ಓಬಳಿಯ ಎದೆಗೆ ಒತ್ತಿದಳು.

"ಬುಡೇ ಲೌಡಿ."

"ಮುಟ್ಟಿ ನೋಡ್ ಹೇಳೋ ಬೋಳಿಮಗನೆ. ಬಡ್ಕಂತೈತಾ?"

ಅವನು ಮುಖ ತಿರುಗಿಸಿದ. ಬಾಗಿಲಲ್ಲಿ ಸೀಸೆ ಹಿಡಿದವರೆಲ್ಲ ನಿಂತಿದ್ದರು. ಅವಳ ಕೈ ಬಿಡಿಸಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಯಾರೂ ಒಳಗೆ ಬರಲಿಲ್ಲ.

"ಹೇಳಯ್ಯಾ," ಅಂದಳು ನರಸಮ್ಮ, ಮೆಲ್ಲಗೆ. "ನನ್ ಕೈಗೆ ಏನೂ ಗೊತ್ತಾಗ್ತಿಲ್ಲ."